ತಗ್ಗಿ ನಡೆದವರ ದಾರಿ: ಯಾತ್ರಿಕರಿಗೆ ದೀನತೆ ಮತ್ತು ವಿಧೇಯತೆಯ ಪಾಠ



ಬೆಟ್ಟ ಹತ್ತುವಾಗ ಯಾರೂ ಎದೆ ಸೆಟೆಸಿಕೊಂಡು ಹತ್ತುವುದಿಲ್ಲ. ಹಾಗೆ ಹತ್ತಿದರೆ ನಾಲ್ಕು ಮೆಟ್ಟಿಲಿಗೆ ಸೊಂಟ ಹಿಡಿಯುತ್ತದೆ. ಸ್ವಲ್ಪ ಮುಂದಕ್ಕೆ ಬಾಗಿ, ಕಾಲ ಕೆಳಗೆ ನೋಡಿಕೊಂಡು, ಒಂದೊಂದೇ ಹೆಜ್ಜೆ ಇಡಬೇಕು. ಕ್ರೈಸ್ತ ಜೀವನದಲ್ಲಿ ದೀನತೆ ಅಂದರೂ ಹೆಚ್ಚುಕಡಿಮೆ ಇದೇ. ದಾರಿ ತೋರಿಸುವವರು ಹೇಳಿದ ಕಡೆಗೆ ಹೆಜ್ಜೆ ಇಡುವುದು ವಿಧೇಯತೆ. ಈ ಎರಡನ್ನೂ ಬೇರೆ ಬೇರೆ ಮಾಡಲು ಆಗುವುದಿಲ್ಲ, ಯಾಕೆಂದರೆ ತಾನೇ ದೊಡ್ಡವನು ಎಂದುಕೊಂಡವನು ಯಾರ ಮಾತನ್ನೂ ಕೇಳುವುದಿಲ್ಲ, ದೇವರ ಮಾತನ್ನಂತೂ ಮೊದಲೇ ಕೇಳುವುದಿಲ್ಲ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ದೂರ ಮಾಡೋಣ. ದೀನತೆ ಅಂದರೆ ತನ್ನನ್ನು ತಾನೇ ಹೀಗಳೆದುಕೊಳ್ಳುವುದಲ್ಲ. "ನಾನೆಷ್ಟರವನು, ನನ್ನ ಕೈಲಿ ಏನಾಗುತ್ತೆ" ಅಂತ ಹತ್ತು ಜನರ ಮುಂದೆ ಹೇಳುವವರಿಗೆ "ಹೌದು, ನೀವು ಹೇಳಿದ್ದು ನಿಜ" ಅಂದು ನೋಡಿ, ಮುಖ ಕೆಂಪಾಗುತ್ತದೆ. ಕೆಲವರ ದೀನತೆಯಲ್ಲೂ ಒಂದು ಜಂಬ ಇರುತ್ತದೆ. ಯೇಸು ಸ್ವಾಮಿ ಹೇಳಿದ ಫರಿಸಾಯ ಮತ್ತು ಸುಂಕದವನ ಸಾಮತಿಯನ್ನು ನೆನಪು ಮಾಡಿಕೊಳ್ಳಿ (ಲೂಕ 18). ಫರಿಸಾಯ ಸುಳ್ಳು ಹೇಳಲಿಲ್ಲ, ಅವನು ನಿಜವಾಗಿಯೂ ಉಪವಾಸ ಮಾಡುತ್ತಿದ್ದ, ದಶಮಾಂಶ ಕೊಡುತ್ತಿದ್ದ. ಅವನ ತೊಂದರೆ ಏನೆಂದರೆ ದೇವಾಲಯದಲ್ಲಿ ನಿಂತಾಗಲೂ ಅವನ ಕಣ್ಣು ಪಕ್ಕದವನ ಮೇಲಿತ್ತು. ಸುಂಕದವನಿಗೆ ಪಕ್ಕದವನು ಇದ್ದಾನೆ ಅನ್ನುವುದೇ ಗೊತ್ತಿರಲಿಲ್ಲ. ಅವನಿಗೂ ದೇವರಿಗೂ ನಡುವೆ ಯಾರೂ ಇರಲಿಲ್ಲ.

ಕಚೇರಿಯ ಕಿಟಕಿಯ ಹಿಂದೆ ಕೂತು ರಸೀದಿ ಬರೆಯುವವರಿಗೆ ಈ ಸಾಮತಿ ಬೇಗ ಅರ್ಥವಾಗುತ್ತದೆ. ಒಂದು ಕಲ್ಲುಬೆಂಚು ಕೊಟ್ಟವರು ಅದರ ಮೇಲೆ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿ ಬರುತ್ತದೆ ಅಂತ ಮೂರು ಸಲ ಕೇಳುತ್ತಾರೆ. ಇನ್ನೊಬ್ಬರು ಸೆರಗಿನ ಗಂಟು ಬಿಚ್ಚಿ ಮಡಚಿದ ನೋಟು ಕೊಟ್ಟು, ರಸೀದಿ ಬೇಡ ಅಂತ ಹೊರಟೇ ಹೋಗುತ್ತಾರೆ. ಲೆಕ್ಕಕ್ಕೆ ರಸೀದಿ ಬೇಕೇ ಬೇಕು, ಹೆಸರು ಹೇಳಿ ಅಂದರೆ "ಭಕ್ತೆ ಅಂತ ಬರೀರಿ ಸಾರ್" ಅನ್ನುತ್ತಾರೆ. ಹೆಸರು ಹಾಕಿಸಿದ್ದೇ ಪಾಪ ಅಂತ ನಾನು ಹೇಳುತ್ತಿಲ್ಲ. ಬೆಂಚಿನಿಂದ ಮುದುಕರಿಗೆ ಉಪಕಾರವಾಗಿದೆ.

ನಾಮಾನನ ಕೋಪ

ಯಾತ್ರೆಗೆ ಬಂದವರು ಅಗತ್ಯವಾಗಿ ಓದಬೇಕಾದ ಅಧ್ಯಾಯವೊಂದು ಪವಿತ್ರ ಬೈಬಲಿನಲ್ಲಿದೆ. ಅರಸರ ಎರಡನೇ ಗ್ರಂಥದ 5ನೇ ಅಧ್ಯಾಯ. ಸಿರಿಯಾ ದೇಶದ ಸೇನಾಪತಿ ನಾಮಾನನಿಗೆ ಕುಷ್ಠರೋಗ. ಅಧಿಕಾರ ಇದೆ, ಹಣ ಇದೆ, ಅರಸನ ಪ್ರೀತಿ ಇದೆ, ಆದರೆ ಮೈ ಕೆಟ್ಟಿದೆ. ಅವನ ಮನೆಯಲ್ಲಿ ಯುದ್ಧದಲ್ಲಿ ಸೆರೆ ಸಿಕ್ಕ ಒಬ್ಬ ಇಸ್ರಯೇಲ್ ಹುಡುಗಿ ಕೆಲಸಕ್ಕಿದ್ದಳು. ತನ್ನ ಊರಿನಿಂದ ಎಳೆದು ತಂದವರ ಮೇಲೆ ಅವಳಿಗೆ ಸಿಟ್ಟಿರಬೇಕಾಗಿತ್ತು. ಆದರೆ ಅವಳೇ ಯಜಮಾನಿಗೆ ಹೇಳಿದ್ದು, ನಮ್ಮ ನಾಡಿನಲ್ಲಿ ಒಬ್ಬ ಪ್ರವಾದಿ ಇದ್ದಾರೆ, ಅವರ ಹತ್ತಿರ ಹೋದರೆ ವಾಸಿಯಾಗುತ್ತದೆ ಅಂತ. ಆ ಹುಡುಗಿಯ ಹೆಸರನ್ನು ಬೈಬಲ್ ಹೇಳುವುದಿಲ್ಲ.

ನಾಮಾನ ಬೆಳ್ಳಿ, ಬಂಗಾರ, ಉಡುಪು ಹೇರಿಕೊಂಡು ರಥದಲ್ಲಿ ಬಂದ. ಪ್ರವಾದಿ ಎಲೀಷ ಬಾಗಿಲಿಗೂ ಬರಲಿಲ್ಲ. ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಬೇಕು ಅಂತ ಆಳಿನ ಕೈಲಿ ಹೇಳಿ ಕಳುಹಿಸಿದರು. ಸೇನಾಪತಿಗೆ ಎಲ್ಲಿಲ್ಲದ ಕೋಪ ಬಂತು. ನಮ್ಮ ದಮಸ್ಕದಲ್ಲಿ ಇದಕ್ಕಿಂತ ಒಳ್ಳೆಯ ನದಿಗಳಿಲ್ಲವೇ ಎಂದು ಹಿಂದಕ್ಕೆ ಹೊರಟ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ತುಂಗಭದ್ರೆಯ ದಂಡೆಯವನಿಗೆ ಯಾವುದೋ ಊರಿನ ಹಳ್ಳದಲ್ಲಿ ಮುಳುಗು ಅಂದ ಹಾಗಾಯಿತು. ಆಗ ಅವನ ಆಳುಗಳು ಹತ್ತಿರ ಬಂದು ಒಂದು ಮಾತು ಹೇಳಿದರು. ಪ್ರವಾದಿ ನಿಮಗೆ ಕಷ್ಟದ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಲ್ಲವೇ, ಸುಲಭದ್ದು ಹೇಳಿದ್ದಕ್ಕೆ ಯಾಕೆ ಸಿಟ್ಟು?

ಇದನ್ನು ನಾವೆಲ್ಲ ನಿಧಾನವಾಗಿ ಯೋಚಿಸಬೇಕು. ಬರಿಗಾಲಲ್ಲಿ ಬೆಟ್ಟ ಹತ್ತು ಅಂದರೆ ಹತ್ತುತ್ತೇವೆ. ಮೊಣಕಾಲ ಮೇಲೆ ಹೋಗು ಅಂದರೆ ಹೋಗುತ್ತೇವೆ. ಒಂಬತ್ತು ವಾರ ನವೇನ ಮಾಡು ಅಂದರೆ ಒಂದು ವಾರವೂ ತಪ್ಪಿಸುವುದಿಲ್ಲ. ಆದರೆ ಎರಡು ವರ್ಷದಿಂದ ಮಾತು ಬಿಟ್ಟಿರುವ ತಮ್ಮನ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿ ಕುಡಿ ಅಂದರೆ? "ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಹೇಳಿ ಫಾದರ್" ಅನ್ನುತ್ತೇವೆ. ನಾಮಾನನ ಜೋರ್ಡನ್ ಅಂದರೆ ಅದೇ. ಹರಕೆಯನ್ನು ನಾವೇ ಆರಿಸಿಕೊಳ್ಳುತ್ತೇವೆ, ಆದರೆ ವಿಧೇಯತೆಯಲ್ಲಿ ಆರಿಸುವವರು ದೇವರು.

ಅರಸ ಸೌಲನ ಕಥೆಯೂ ಇದೇ ಮಾತಿನದು (1 ಸಮುವೇಲ 15). ದೇವರು ಹೇಳಿದ್ದನ್ನು ಅರ್ಧಕ್ಕೆ ಬಿಟ್ಟು, ಒಳ್ಳೊಳ್ಳೆಯ ಕುರಿಗಳನ್ನು ಉಳಿಸಿಕೊಂಡು, ಬಲಿ ಅರ್ಪಿಸೋದಕ್ಕೇ ಇಟ್ಟಿದ್ದು ಅಂತ ಸಮಜಾಯಿಷಿ ಕೊಟ್ಟ. ಪ್ರವಾದಿ ಸಮುವೇಲ ಅದನ್ನು ಒಪ್ಪಲಿಲ್ಲ. ಒಡಹುಟ್ಟಿದವರ ಹಿಸ್ಸೆ ನುಂಗಿ ಮಾತೆಯವರಿಗೆ ಬೆಳ್ಳಿ ಕಿರೀಟ ಮಾಡಿಸಿದರೆ ಆ ಕಿರೀಟದ ತೂಕವನ್ನು ಅಕ್ಕಸಾಲಿ ಒಂದು ತಕ್ಕಡಿಯಲ್ಲಿ ತೂಗುತ್ತಾನೆ, ದೇವರು ಇನ್ನೊಂದರಲ್ಲಿ ತೂಗುತ್ತಾರೆ.

ಕೆಳದಿ ಸೀಮೆಯಲ್ಲಿ ನಡೆದ ಸಂತ

ದೀನತೆ, ವಿಧೇಯತೆ ಎಲ್ಲ ಬೈಬಲ್ ಕಾಲದ್ದು ಅನ್ನುವವರಿಗೆ ನಮ್ಮ ಸೀಮೆಯಲ್ಲೇ ಕಾಲಿಟ್ಟ ಒಬ್ಬ ಸಂತರ ವಿಷಯ ಹೇಳುತ್ತೇನೆ. ಇವರ ಬಗ್ಗೆ ಕರಾವಳಿಯವರಿಗೆ ಗೊತ್ತು, ಘಟ್ಟದ ಮೇಲಿನ ನಮಗೆ ಅಷ್ಟಾಗಿ ಗೊತ್ತಿಲ್ಲ. ಅವರೇ ಸಂತ ಜೋಸೆಫ್ ವಾಜ್.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವದ ಬೆಣಾವಲಿಯಲ್ಲಿ. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಪಡೆದರು. ಮಾರನೇ ವರ್ಷ, 1677ರ ಆಗಸ್ಟ್ 5ರಂದು, ತಾವು ಇನ್ನು ಮುಂದೆ ಮಾತೆ ಮರಿಯಮ್ಮನವರ ಜೀತದಾಳು ಅಂತ ಒಂದು ಪತ್ರ ಬರೆದು ಸಹಿ ಹಾಕಿದರು. ಜೀತ ಅನ್ನುವುದು ನಮ್ಮ ಕಡೆ ಕಹಿ ಪದ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಸಾಲಕ್ಕೆ ಸಿಕ್ಕಿ ಬೇರೆಯವರ ಮನೆಯಲ್ಲಿ ದುಡಿದವರು. 1976ರಲ್ಲಿ ಜೀತ ಪದ್ಧತಿ ನಿಷೇಧದ ಕಾಯಿದೆ ಬಂದ ಮೇಲೂ ಆ ನೆನಪು ಹೋಗಿಲ್ಲ. ಮನುಷ್ಯನಿಗೆ ಮನುಷ್ಯ ಜೀತ ಇರುವುದು ಪಾಪ. ಈ ಗುರುಗಳು ಮಾಡಿದ್ದು ಬೇರೆ. ಯಾರೂ ಹಿಡಿದು ಕಟ್ಟದಿದ್ದರೂ ಪ್ರೀತಿಯಿಂದ ತಮ್ಮನ್ನು ತಾವೇ ಒಪ್ಪಿಸಿಕೊಂಡರು. ಹಾಗೆ ಒಪ್ಪಿಸಿಕೊಂಡವರನ್ನು ಮುಂದೆ ಯಾವ ಡಚ್ಚರ ಆಜ್ಞೆಗೂ ಹೆದರಿಸಲು ಆಗಲಿಲ್ಲ ಅನ್ನುವುದನ್ನು ಗಮನಿಸಿ.

ಅವರ ಮನಸ್ಸಿದ್ದದ್ದು ಸಿಲೋನಿನ ಮೇಲೆ, ಈಗಿನ ಶ್ರೀಲಂಕಾ. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಓಡಿಸಿದ್ದರು, ಅಲ್ಲಿನ ಕ್ರೈಸ್ತರಿಗೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಅಲ್ಲಿಗೆ ಹೋಗುತ್ತೇನೆ ಅಂತ ಕೇಳಿದರೆ ಮೇಲಿನವರು ಬೇಡ, ಕೆನರಾಕ್ಕೆ ಹೋಗಿ ಅಂದರು. ಒಳ್ಳೆಯ ಕೆಲಸಕ್ಕೇ ಹೊರಟವರನ್ನು ತಡೆದಾಗ ಎಷ್ಟು ಕಷ್ಟ ನೋಡಿ! ಕೆಟ್ಟದ್ದಕ್ಕೆ ಬೇಡ ಅಂದರೆ ಒಪ್ಪಬಹುದು. ಅವರು ತಕರಾರು ಮಾಡದೆ 1681ರಲ್ಲಿ ಕೆನರಾಕ್ಕೆ ಬಂದರು.

ಆಗ ಕೆನರಾ ಕರಾವಳಿ ಬಿದನೂರಿನ ಕೆಳದಿ ಅರಸರ ಕೈಯಲ್ಲಿತ್ತು. ಪಟ್ಟದಲ್ಲಿದ್ದವರು ರಾಣಿ ಚೆನ್ನಮ್ಮಾಜಿ (1672ರಿಂದ 1697). ನಮ್ಮ ಸೊರಬ, ಚಂದ್ರಗುತ್ತಿ, ಶಿಕಾರಿಪುರದ ಕಡೆಯೂ ಅದೇ ಆಳ್ವಿಕೆ. ಅಂದರೆ ಘಟ್ಟದ ಕೆಳಗೆ ಗಂಗೊಳ್ಳಿ, ಬಸರೂರು, ಕಲ್ಯಾಣಪುರ, ಮಂಗಳೂರು ಅಂತ ಬರಿಗಾಲಲ್ಲಿ ನಡೆದ ಸಂತ ಜೋಸೆಫ್ ವಾಜರೂ ಘಟ್ಟದ ಮೇಲೆ ಉಳುಮೆ ಮಾಡುತ್ತಿದ್ದ ನಮ್ಮ ಮುತ್ತಜ್ಜಂದಿರೂ ಒಂದೇ ರಾಣಿಯ ಪ್ರಜೆಗಳಾಗಿದ್ದರು.

ಅಲ್ಲಿ ಅವರಿಗೆ ಎದುರಾದದ್ದು ಬಡತನಕ್ಕಿಂತ ದೊಡ್ಡ ತೊಂದರೆ. ಗೋವದವರು ಪೋರ್ಚುಗಲ್ ದೊರೆಗೆ ಪೋಪರು ಕೊಟ್ಟ ಹಳೆಯ ಹಕ್ಕಿನ ಪ್ರಕಾರ ಈ ಸೀಮೆಯ ಧರ್ಮಸಭೆ ತಮ್ಮದು ಅನ್ನುತ್ತಿದ್ದರು. ಇದಕ್ಕೆ ಪದ್ರೊವಾದೊ ಅಂತ ಹೆಸರು. ಇನ್ನೊಂದು ಕಡೆ ರೋಮಿನ ಪ್ರೊಪಗಾಂಡ ಸಂಸ್ಥೆಯಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ಡಿ ಕಾಸ್ತ್ರೊ ಮಂಗಳೂರಿನಲ್ಲಿದ್ದರು. ಯಾರ ಮಾತು ಕೇಳಬೇಕು ಅಂತ ಜನ ಎರಡು ಪಂಗಡವಾಗಿದ್ದರು. ಫಾದರ್ ವಾಜರನ್ನು ಕಳುಹಿಸಿದ್ದು ಗೋವದವರು. ಅವರು ಬಂದ ಕೂಡಲೇ ಒಂದು ಪಂಗಡದ ನಾಯಕರಾಗಿ ಕೂತುಬಿಡಬಹುದಿತ್ತು, ಹಾಗೆ ಮಾಡುವವರಿಗೆ ಜೈಕಾರವೂ ಸಿಗುತ್ತದೆ. ಬದಲಾಗಿ ಆ ಧರ್ಮಾಧ್ಯಕ್ಷರ ಹತ್ತಿರ ತಾವೇ ಹೋಗಿ, ಗೌರವದಿಂದ ಮಾತಾಡಿ, ರಾಜಿ ಮಾಡಿಸಲು ನೋಡಿದರು. ಮಿಕ್ಕ ಹೊತ್ತೆಲ್ಲ ಹಳ್ಳಿಹಳ್ಳಿ ಸುತ್ತಿ ಪಾಪನಿವೇದನೆ ಕೇಳುವುದು, ಪ್ರಾರ್ಥನಾಲಯ ಕಟ್ಟಿಸುವುದು, ಮಕ್ಕಳಿಗೆ ಪಾಠ ಹೇಳುವುದು. ದೊಡ್ಡವರ ಜಗಳ ತೀರುವ ತನಕ ರೋಗಿಗಳು ಸಾಯದೆ ಕಾಯುತ್ತಾರೆಯೇ? ಇಬ್ಬರು ಯಜಮಾನರ ನಡುವೆ ಸಿಕ್ಕಿದವರಿಗೆ ಅವರ ಜೀವನ ಒಳ್ಳೆಯ ಪಾಠ. ಧರ್ಮಕೇಂದ್ರದ ಸಮಿತಿ, ಸ್ವಸಹಾಯ ಸಂಘ, ಅತ್ತೆ ಸೊಸೆ, ಎಲ್ಲಿ ಬೇಕಾದರೂ ಇದು ಅನ್ವಯಿಸುತ್ತದೆ.

ಮಂಗಳೂರಿಗೆ ಹತ್ತಿರದ ಮುಡಿಪು ಬೆಟ್ಟದ ಕಥೆಯನ್ನು ಅಲ್ಲಿನ ಜನ ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ಆಗದವರು ಕೆಲವರು ಒಳಸಂಚು ಮಾಡಿ, ಬೆಟ್ಟದ ಮೇಲೆ ಒಬ್ಬರಿಗೆ ಕಾಯಿಲೆ ಜೋರಾಗಿದೆ ಬನ್ನಿ ಅಂತ ರಾತ್ರಿ ಹೊತ್ತಿನಲ್ಲಿ ಅವರನ್ನು ಕರೆಸಿದರಂತೆ. ರೋಗಿ ಅಂದ ಮೇಲೆ ಯೋಚನೆ ಮಾಡದೆ ಹೊರಟರು. ಅಲ್ಲಿ ಹೋಗಿ ನೋಡಿದರೆ ಮೋಸ. ಓಡದೆ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ಮೊಣಕಾಲು ಊರಿದಲ್ಲಿ ಎರಡು, ಊರುಗೋಲು ಇಟ್ಟಲ್ಲಿ ಒಂದು, ಹೀಗೆ ಮೂರು ಒರತೆ ಹುಟ್ಟಿತು ಅನ್ನುತ್ತಾರೆ. ಆ ಬೆಟ್ಟ ಈಗ ಪುಣ್ಯಕ್ಷೇತ್ರ, ಯಾತ್ರಿಕರು ಆ ನೀರನ್ನು ಭಕ್ತಿಯಿಂದ ತೆಗೆದುಕೊಂಡು ಹೋಗುತ್ತಾರೆ. ನೀರನ್ನು ಬಾಟಲಿಗೆ ತುಂಬುವಾಗ ಅದು ಮೊಣಕಾಲು ಊರಿದ ಜಾಗದ ನೀರು ಅನ್ನುವುದನ್ನು ಮಾತ್ರ ಮರೆಯಬಾರದು.

1684ರಲ್ಲಿ ಅವರು ಗೋವಕ್ಕೆ ಹಿಂತಿರುಗಿದರು. 1685ರಲ್ಲಿ ಹಳೇ ಗೋವದ ಪವಾಡ ಶಿಲುಬೆಯ ದೇವಾಲಯದಲ್ಲಿ ಕೆಲವು ಭಾರತೀಯ ಗುರುಗಳ ಜೊತೆ ಸೇರಿಕೊಂಡರು, ಅವರು ಇವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ಕೊನೆಗೂ ಸಿಲೋನಿಗೆ ಅಪ್ಪಣೆ ಸಿಕ್ಕಿತು. 1686ರಲ್ಲಿ ಹೊರಟು, ಕೂಲಿಯವನ ವೇಷದಲ್ಲಿ, ಜುವಾಂವ್ ಎಂಬ ಸೇವಕನ ಜೊತೆ 1687ರಲ್ಲಿ ಯಾಳ್ಪಾಣ ಅಂದರೆ ಜಾಫ್ನಾ ಮುಟ್ಟಿದರು. ದಾರಿಯಲ್ಲೇ ಭೇದಿ ಹತ್ತಿ ಸಾಯುವ ಹಾಗಾಗಿತ್ತು. ಜಪಸರವನ್ನು ಕೊರಳಿಗೆ ಹಾಕಿಕೊಂಡು ಮನೆಮನೆ ಭಿಕ್ಷೆ ಬೇಡುತ್ತಿದ್ದರು. ಜಪಸರ ನೋಡಿದವರ ಕಣ್ಣಲ್ಲಿ ಬೆಳಕು ಕಂಡರೆ ಆ ಮನೆ ಕ್ರೈಸ್ತರದು ಅಂತ ತಿಳಿಯುವುದಕ್ಕೆ. ಗುರುಗಳ ನಿಲುವಂಗಿ ಹಾಕಿದ್ದರೆ ಸಿಗದ ಬಾಗಿಲು ಭಿಕ್ಷುಕನಿಗೆ ಸಿಕ್ಕಿತು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರ ಅಂತ ಹಿಡಿದು ಸೆರೆಯಲ್ಲಿಟ್ಟರು. ಸೆರೆಯಲ್ಲಿ ಕೂತು ಅವರು ಸಿಂಹಳ ಭಾಷೆ ಕಲಿತರು. 1697ರಲ್ಲಿ ಅಲ್ಲಿ ಸಿಡುಬು ಬಂದು ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ಅವರು ಜಾತಿ ಮತ ನೋಡದೆ ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು. ಬೌದ್ಧ ಅರಸನಿಗೂ ಅವರ ಮೇಲೆ ಗೌರವ ಹುಟ್ಟಿತು. 1705ರ ಸುಮಾರಿಗೆ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡುವ ಮಾತು ಬಂತು, ಅವರು ಬೇಡ ಅಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಪೋಪ್ ಎರಡನೇ ಜಾನ್ ಪಾಲರು 1995ರಲ್ಲಿ ಅವರನ್ನು ಪುನೀತರೆಂದೂ, ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಸತ್ತು 304 ವರ್ಷದ ಮೇಲೆ. ಹೆಸರಿಗೆ ಅವಸರ ಪಡುವವರು ಈ ಲೆಕ್ಕವನ್ನು ನೋಡಿಕೊಳ್ಳಬಹುದು.

ಮಾಸೂರಿನ ಪಕ್ಕದವರಾಗಿ ಒಂದು ಮಾತು

ನಮ್ಮ ಶಿಕಾರಿಪುರದಿಂದ ಮಾಸೂರು ದೂರವೇನಲ್ಲ. ಸರ್ವಜ್ಞನ ಹೆಸರಿನ ಜೊತೆ ಬರುವ ಊರು ಅದು. ಆ ಸರ್ವಜ್ಞನ ಪದಗಳನ್ನು ಜನರ ಬಾಯಿಂದ, ಹಳೇ ಕಟ್ಟುಗಳಿಂದ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದವರು ಒಬ್ಬ ಕ್ರೈಸ್ತ ಪಾದ್ರಿ, ಬಾಸೆಲ್ ಮಿಶನ್ನಿನ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962). ಅವರು ನಮ್ಮ ಕಥೋಲಿಕ ಸಭೆಯವರಲ್ಲ, ಇರಲಿ. ಬೋಧನೆ ಮಾಡುವ ಪಾದ್ರಿಯೊಬ್ಬರು ಹಳ್ಳಿಯವರ ಮುಂದೆ ಕೂತು, ನಿಮಗೆ ಬರುವ ಪದ ಹೇಳಿ, ಬರೆದುಕೊಳ್ಳುತ್ತೇನೆ ಅಂತ ಕೇಳುವುದು ಸಣ್ಣ ಮಾತಲ್ಲ. 1949ರ ಕಲಬುರ್ಗಿ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಆದರೂ ಅವರಿಗೆ ಅಂಟಿದ ಬಿರುದು 'ತಿರುಳ್ಗನ್ನಡ ತಿರುಕ'. ತಿರುಕ ಅಂದರೆ ಭಿಕ್ಷುಕ.

ಎಲ್ಲಿ ತಲೆ ಬಾಗಬಾರದು

ಇನ್ನು ಒಂದು ವಿಷಯವನ್ನು ಸ್ಪಷ್ಟವಾಗಿ ಬರೆಯಲೇಬೇಕು. ಕೋರಿಕೆ ಚೀಟಿಯನ್ನು ಬರೆಯಲು ಬಾರದವರು ಕಚೇರಿಯಲ್ಲಿ ಬರೆಸಿಕೊಳ್ಳುತ್ತಾರೆ. ಗಂಡ ಕುಡಿದು ಬಂದು ಹೊಡೆಯುತ್ತಾನೆ, ತಾಳಿಕೊಳ್ಳುವ ದೀನತೆ ಕೊಡು ತಾಯಿ ಅಂತ ಬರೆಸಿದವರು ಒಬ್ಬಿಬ್ಬರಲ್ಲ. ಅಕ್ಕ ತಂಗಿಯರೇ, ಇದು ದೀನತೆಯಲ್ಲ. ಹೊಡೆಯುವವನ ಕೈ ದೇವರ ಕೈಯಲ್ಲ, ಅವನಿಗೆ ತಗ್ಗಿ ನಡೆಯುವುದು ದೇವರಿಗೆ ವಿಧೇಯರಾಗುವುದೂ ಅಲ್ಲ.

ಮಾತೆ ಮರಿಯಮ್ಮನವರನ್ನೇ ನೋಡಿ. ದೇವದೂತ ಗಬ್ರಿಯೇಲ್ ಬಂದು ಹೇಳಿದ ಕೂಡಲೇ ಅವರು ತಲೆ ಅಲ್ಲಾಡಿಸಲಿಲ್ಲ. ಇದು ಹೇಗಾಗುತ್ತದೆ ಅಂತ ಪ್ರಶ್ನೆ ಕೇಳಿದರು, ಉತ್ತರ ಕೇಳಿಸಿಕೊಂಡರು, ಆಮೇಲೆ ತಾನು ಪ್ರಭುವಿನ ದಾಸಿ ಎಂದು ಒಪ್ಪಿದರು (ಲೂಕ 1). ದೇವರು ಆ ಪ್ರಶ್ನೆಗೆ ಸಿಟ್ಟಾಗಲಿಲ್ಲ. ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದರು, ಆದರೆ ವಿಚಾರಣೆಯಲ್ಲಿ ಕಾವಲುಗಾರ ಕೆನ್ನೆಗೆ ಹೊಡೆದಾಗ ಯಾಕೆ ಹೊಡೆದೆ ಅಂತ ಕೇಳದೆ ಬಿಡಲಿಲ್ಲ (ಯೊವಾನ್ನ 18). ಪೇತ್ರ ಮತ್ತು ಇತರ ಪ್ರೇಷಿತರು ಬಾಯಿ ಮುಚ್ಚಿ ಅಂದ ದೊಡ್ಡವರಿಗೆ, ಮನುಷ್ಯರಿಗಿಂತ ಮೊದಲು ದೇವರ ಮಾತು ಕೇಳಬೇಕಲ್ಲ ಅಂತ ಉತ್ತರ ಕೊಟ್ಟರು. ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯವರ ಕಥೆ ಇಲ್ಲಿ ಯಾರಿಗೆ ಗೊತ್ತಿಲ್ಲ? ತನ್ನ ದೇವರಿಗಾಗಿ ಕೌಶಿಕನ ಅರಮನೆ ಬಿಟ್ಟು ಹೊರಟವರು. ಅವರನ್ನು ಅಹಂಕಾರಿ ಅಂತ ಈ ಸೀಮೆಯಲ್ಲಿ ಯಾರೂ ಕರೆಯುವುದಿಲ್ಲ.

ಆದ್ದರಿಂದ ಏಟು ತಿನ್ನುತ್ತಿರುವವರು ಮಾತೆಯವರ ಮುಂದೆ ದೀಪ ಹಚ್ಚಿ, ಹಾಗೆಯೇ ಗುರುಗಳಿಗೋ ಸಿಸ್ಟರಿಗೋ ವಿಷಯ ತಿಳಿಸಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ದೂರು ತೆಗೆದುಕೊಳ್ಳುತ್ತಾರೆ, ಫೋನಿನಲ್ಲಾದರೆ 181. ದೀನತೆ ಬೇಕಾಗಿರುವುದು ಹೊಡೆಯುವ ಗಂಡನಿಗೆ. ಅವನು ಬೆಟ್ಟ ಹತ್ತಿ ಬಂದಿದ್ದರೆ ಈ ಪುಟವನ್ನು ಅವನೂ ಓದಲಿ.

ಹಾಗಾದರೆ ನಮ್ಮ ಪಾಲಿನ ವಿಧೇಯತೆ ಯಾವುದು ಅಂತ ತಿಳಿಯುವುದು ಹೇಗೆ? ಹಿರಿಯ ಗುರುಗಳೊಬ್ಬರು ಹೇಳಿಕೊಟ್ಟ ಕ್ರಮ ಸುಲಭದ್ದು. ದೇವರು ನಿಮ್ಮಿಂದ ಏನು ಕೇಳುತ್ತಿದ್ದಾರೆ ಅನ್ನಿಸುತ್ತದೋ ಅದರಿಂದ ಯಾರಿಗೆ ಲಾಭ ಅಂತ ನೋಡಿ. ಬರೀ ನಿಮ್ಮ ಹೆಸರಿಗೆ ಲಾಭವಾದರೆ ಸಂಶಯಪಡಿ. ನಿಮ್ಮನ್ನು ತುಳಿಯುವವನಿಗೆ ಮಾತ್ರ ಲಾಭವಾದರೂ ಸಂಶಯಪಡಿ. ಮುರಿದದ್ದು ಕೂಡುವ ಹಾಗಿದ್ದರೆ, ಹಸಿದವರು ಉಣ್ಣುವ ಹಾಗಿದ್ದರೆ, ಸುಳ್ಳು ನಿಲ್ಲುವ ಹಾಗಿದ್ದರೆ, ನಿಮಗೆ ಸ್ವಲ್ಪ ನಾಚಿಕೆಯೂ ಆಗುವ ಹಾಗಿದ್ದರೆ, ಅದು ಬಹುತೇಕ ನಿಮ್ಮ ಜೋರ್ಡನ್ ನದಿಯೇ.

ಕೆಳಗಿಳಿಯುವ ಮುಂಚೆ ಪೀಠದ ಮುಂದೆ ಐದು ನಿಮಿಷ ಏನೂ ಕೇಳದೆ ಕೂತುಕೊಳ್ಳಿ. ಗೆತ್ಸೆಮನಿ ತೋಟದಲ್ಲಿ ಯೇಸು ಸ್ವಾಮಿ ಮಾಡಿದ ಪ್ರಾರ್ಥನೆಯಲ್ಲಿ ಎರಡು ಭಾಗ ಇತ್ತು, ಈ ಪಾತ್ರೆ ತಪ್ಪಲಿ ಅನ್ನುವುದು ಮೊದಲನೆಯದು, ತಂದೆಯ ಚಿತ್ತವೇ ಆಗಲಿ ಅನ್ನುವುದು ಎರಡನೆಯದು. ನಮ್ಮ ಚೀಟಿಗಳಲ್ಲಿ ಮೊದಲ ಭಾಗ ಮಾತ್ರ ಇರುತ್ತದೆ. ಮಗನಿಗೆ ಕೆಲಸ, ಮಗಳಿಗೆ ಗಂಡು, ಶುಂಠಿಗೆ ರೇಟು, ಬೋರ್‌ವೆಲ್‌ಗೆ ನೀರು. ಧಾರಾಳವಾಗಿ ಕೇಳಿ, ಮಕ್ಕಳು ತಂದೆಯನ್ನೇ ಕೇಳಬೇಕು. ಚೀಟಿಯ ಕೆಳಗೆ ಎರಡು ಸಾಲು ಜಾಗ ಬಿಟ್ಟಿದೆ. ಅಲ್ಲಿ ಎರಡನೇ ಭಾಗವನ್ನು ನಿಮ್ಮ ಮಾತಿನಲ್ಲೇ ಬರೆದು ಪೆಟ್ಟಿಗೆಗೆ ಹಾಕಿ. ಬರೆಯಲು ಬಾರದವರು ಕಿಟಕಿಯ ಹತ್ತಿರ ಬನ್ನಿ, ಬರೆದು ಕೊಡುತ್ತೇವೆ, ಅದಕ್ಕೆ ಹಣವಿಲ್ಲ.